ಫರ್ಹಾತನ ಹೆಸರಿನ ಹುಳ

ಮನ್ನೂಬಿಯಾ ಗಂಡನ ಟೋಪಿಯನ್ನು ಗೂಟದಿಂದ ತೆಗೆದಿಲ್ಲ. ಕೆಂಪು ಉಣ್ಣೆಯ ಟೋಪಿ, ಅಂಚಿಗೆಲ್ಲ ಎಣ್ಣೆ ಜಿಡ್ಡು. ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮೊದಲು ಅದಕ್ಕೆ ಬೈಯುತ್ತಾಳೆ. ಬಾಗಿಲು ಕಿರುಗುಟ್ಟುತ್ತೆ, ಎಣ್ಣೆ ಬಿಡು ಅಂದಿದ್ದೆ, ಬಿಟ್ಟೆಯಾ ಅಂತ. ಟೋಪಿ ಸುಮ್ಮನಿರುತ್ತದೆ. ಫರ್ಹಾತ್ ಬದುಕಿದ್ದಾಗಲೂ ಸುಮ್ಮನೇ ಇರುತ್ತಿದ್ದ. ಆ ಮಟ್ಟಿಗೆ ವ್ಯತ್ಯಾಸವೇನೂ ಆಗಿಲ್ಲ.

ಅವನು ಖರ್ಜೂರದ ಮರ ಹತ್ತಿ ಗರಿ ಕಡಿಯುವವನು. ಮರದಿಂದ ಬಿದ್ದು ಸಾಯುತ್ತಾನೆ ಅಂತ ಮದುವೆಯಾದ ದಿನದಿಂದ ಅವಳು ಹೆದರಿಕೊಂಡೇ ಇದ್ದಳು. ಮದುವೆಯ ದಿನವೇ ವರ ಎಲ್ಲಿ ಅಂತ ಹುಡುಕಿದರೆ ದೋಣಿಯೊಳಗೆ ಮಲಗಿ ಗೊರಕೆ ಹೊಡೆಯುತ್ತಿದ್ದ. ಇಂಥವನು ಮರದ ಮೇಲೂ ನಿದ್ದೆ ಮಾಡದೆ ಇರುತ್ತಾನೆಯೇ ಅಂತ ಅವಳ ಭಯ. ಅವನು ಬೀಳಲಿಲ್ಲ. ಒಂದು ಮಧ್ಯಾಹ್ನ ಮರದ ಬುಡದಲ್ಲಿ ಕೂತ, ಮತ್ತೆ ಏಳಲಿಲ್ಲ. ಕತ್ತಿ ತೊಡೆಯ ಮೇಲೇ ಇತ್ತು. ಇಷ್ಟು ವರ್ಷ ಹೆದರಿದ್ದೆಲ್ಲ ದಂಡವಾಯಿತಲ್ಲ ಅಂತ ಮನ್ನೂಬಿಯಾಗೆ ಮೊದಲು ಸಿಟ್ಟು ಬಂತು. ಅಳು ಆಮೇಲೆ ಬಂತು.

ಅವರ ಕೇರಿ ಕೆರ್ಕೆನ್ನಾ ದ್ವೀಪದ ತುದಿಯಲ್ಲಿದೆ. ಅಲ್ಲಿ ಹೊಲಕ್ಕಿಂತ ಸಮುದ್ರಕ್ಕೇ ಬೇಲಿ ಜಾಸ್ತಿ. ಬೇಸಿಗೆ ಹೋದ ಮೇಲೆ ಗಂಡಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಖರ್ಜೂರದ ಗರಿಗಳನ್ನು ಸಾಲಾಗಿ ಮರಳಿಗೆ ನೆಡುತ್ತಾರೆ. ನೀರು ಇಳಿಯುವಾಗ ಮೀನು ಆ ಗೋಡೆ ಹಿಡಿದು ಹೋಗಿ, ಕೊನೆಯಲ್ಲಿ ಕಟ್ಟಿದ ಗರಿಯ ಕೋಣೆಗೆ ತಾನಾಗಿ ಹೊಕ್ಕು ಕೂರುತ್ತದೆ. ಯಾರ ಗೋಡೆ ಎಲ್ಲಿ ಅನ್ನುವುದು ತಾತಂದಿರ ಕಾಲದಿಂದ ಗೊತ್ತು. ಅಪ್ಪ ಸತ್ತರೆ ಮನೆ ಹಂಚಿಕೊಂಡ ಹಾಗೆ ಮಕ್ಕಳು ಸಮುದ್ರವನ್ನೂ ಹಂಚಿಕೊಳ್ಳುತ್ತಾರೆ.

ಆ ಗರಿಗಳನ್ನು ಇಡೀ ಕೇರಿಗೆ ಕಡಿದು ಕೊಡುತ್ತಿದ್ದವನು ಫರ್ಹಾತ್. ನೆಟ್ಟ ಗರಿ ಒಂದು ಚಳಿಗಾಲ ನಿಲ್ಲಬೇಕು. ನಿಲ್ಲುತ್ತಿರಲಿಲ್ಲ. ನೋಡೋಕೆ ಗಟ್ಟಿ, ಗಾಳಿ ಎದ್ದರೆ ಬುಡದಲ್ಲೇ ಪಟ್ಟನೆ ಮುರಿಯುತ್ತಿತ್ತು. ಆಗ ಎಲ್ಲರೂ ಫರ್ಹಾತನ ಕಡೆ ತಿರುಗುತ್ತಿದ್ದರು. ಹುಣ್ಣಿಮೆ ಅಮಾವಾಸ್ಯೆ ನೋಡದೆ ಕಡಿದ ಅಂದರು. ಹಸಿ ಕಡಿದ ಅಂದರು. ನಿದ್ದೆಗಣ್ಣಲ್ಲಿ ಕಡಿದ ಅಂತಲೂ ಅಂದರು. ಮುರಿದ ಗರಿಯೊಳಗೆ ಹುಳ ಇರುತ್ತಿದ್ದದ್ದು ಎಲ್ಲರಿಗೂ ಗೊತ್ತು. ಕೊಳೆತದ್ದಕ್ಕೆ ಹುಳ ಬಂದೇ ಬರುತ್ತದೆ, ಕೆಟ್ಟ ಗರಿ ಕೊಟ್ಟವನು ಫರ್ಹಾತ್ ಅಂತ ತೀರ್ಮಾನ. ಬರಬರುತ್ತಾ ಕೇರಿಯಲ್ಲಿ ಏನು ಮುರಿದರೂ ಅದು ಫರ್ಹಾತನ ಗರಿ. ಕಾಫಿ ಅಂಗಡಿಯ ಕುರ್ಚಿ ಕಾಲು ಕಳಚಿದರೆ ಫರ್ಹಾತನ ಗರಿ. ಮದುವೆ ಮಾತು ಮುರಿದುಬಿದ್ದರೂ ಫರ್ಹಾತನ ಗರಿ. ಅವನು ಕೇಳಿಸಿಕೊಂಡು, ಚಹಾ ಮುಗಿಸಿ, ಮನೆಗೆ ಬಂದು ಮಲಗುತ್ತಿದ್ದ. ಉತ್ತರ ಕೊಡಬಾರದಾ ಅಂತ ಮನ್ನೂಬಿಯಾ ಕೇಳಿದರೆ, ಉತ್ತರ ಗೊತ್ತಿದ್ದರೆ ಕೊಡುತ್ತಿದ್ದೆ ಅನ್ನುತ್ತಿದ್ದ.

ಮಕ್ಕಳಾಗಲಿಲ್ಲ. ಅದರ ಬಗ್ಗೆ ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಮನೆಯಲ್ಲಿ ಒಬ್ಬರು ಹೋದರೆ, ಆಮೇಲೆ ಹುಟ್ಟುವ ಮೊದಲ ಗಂಡುಮಗುವಿಗೆ ಅವರ ಹೆಸರಿಡುವುದು ಆ ಮನೆತನದ ರೂಢಿ. ಫರ್ಹಾತ್ ಹೋದ ಸ್ವಲ್ಪ ದಿನಕ್ಕೆ ಅವನ ತಮ್ಮ ತಿಜಾನಿಗೆ ಮೊಮ್ಮಗ ಹುಟ್ಟಿದ. ಮನ್ನೂಬಿಯಾ ತುಪ್ಪ, ಖರ್ಜೂರ ಹಾಕಿ ಬಾರ್ಲಿ ಹಿಟ್ಟು ಕಲಸಿ, ತಟ್ಟೆ ಹೊತ್ತು ನೋಡೋಕೆ ಹೋದಳು. ತಿಜಾನಿಯ ಹೆಂಡತಿ ಹಲ್ಲೂಮಾ ಮಗುವಿಗೆ ಆಗಲೇ ತನ್ನ ಅಪ್ಪನ ಹೆಸರಿಟ್ಟುಬಿಟ್ಟಿದ್ದಳು. ಅವಳಪ್ಪ ಇನ್ನೂ ಸತ್ತೇ ಇರಲಿಲ್ಲ. ಮೂಲೆಯಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಮನ್ನೂಬಿಯಾ ತಟ್ಟೆಯನ್ನು ಕೆಳಗಿಡದೆ ಹಾಗೇ ವಾಪಸು ತಂದಳು, ಎರಡು ದಿನ ತಾನೇ ತಿಂದಳು.

ಅಲ್ಲಿಂದ ಅವಳಿಗೆ ಒಂದೇ ಕೊರಗು. ಆ ಹೆಸರು ಕೂಗಿದರೆ ಇನ್ನು ಯಾರೂ ತಿರುಗಿ ನೋಡುವುದಿಲ್ಲ.

ಆ ಬೇಸಿಗೆ ಕಳೆಯುವ ಹೊತ್ತಿಗೆ ಎದುರು ದಡದ ಸ್ಫಾಕ್ಸ್ ಪಟ್ಟಣದಿಂದ ಫೆರಿ ಹತ್ತಿ ಓಲ್ಫಾ ಬಂದಳು. ಸಮುದ್ರದ ಜೀವಗಳ ಬಗ್ಗೆ ಓದಿದವಳು. ಮೂವತ್ತು ದಾಟಿದೆ, ಮದುವೆಯಿಲ್ಲ, ಕಾಲಿಗೆ ರಬ್ಬರ್ ಬೂಟು. ಮನ್ನೂಬಿಯಾಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಅಂತ ಕರೆದು ಅವಳ ಮನೆಯ ಹಿಂದಿನ ಕೋಣೆ ಹಿಡಿದಳು. ನೀರು ಇಳಿದಾಗ ಹೋಗಿ ಮುರಿದ ಗರಿಗಳನ್ನು ಹೊತ್ತು ತರುತ್ತಿದ್ದಳು. ಉರಿಸೋಕಾ ಅಂತ ಮನ್ನೂಬಿಯಾ ಕೇಳಿದಳು. ಅಲ್ಲ, ನೋಡೋಕೆ ಅಂದಳು ಅವಳು. ಓದು ಜಾಸ್ತಿಯಾದರೆ ಹೀಗಾಗುತ್ತದೆ ಅಂತ ಮನ್ನೂಬಿಯಾ ಟೋಪಿಗೆ ಹೇಳಿದಳು.

ಅಂಗಳದಲ್ಲಿ ಫರ್ಹಾತ್ ಕೊನೆಯ ಸಲ ಕಡಿದ ಗರಿಗಳ ರಾಶಿ ಹಾಗೇ ಬಿದ್ದಿತ್ತು. ಓಲ್ಫಾ ಅದರಲ್ಲಿ ಒಂದೇ ಮರದ ಎರಡು ಕೇಳಿದಳು. ಒಂದಕ್ಕೆ ತನ್ನ ನೈಲಾನ್ ಕಾಲುಚೀಲ ತೊಡಿಸಿದಳು, ಬುಡದಿಂದ ಮೊಣಕಾಲುದ್ದಕ್ಕೆ. ಇನ್ನೊಂದನ್ನು ಬರಿದಾಗಿ ಬಿಟ್ಟಳು. ಎರಡನ್ನೂ ಫರ್ಹಾತ್ ಮತ್ತು ತಿಜಾನಿಯ ಗೋಡೆಯಲ್ಲಿ ಅಕ್ಕಪಕ್ಕ ನೆಟ್ಟು ಬಂದಳು. ಸಮುದ್ರದಲ್ಲಿ ಹೆಣ್ಣಿನ ಕಾಲುಚೀಲ ನಿಂತಿದೆ ಅಂತ ಕೇರಿಯೆಲ್ಲ ಸುದ್ದಿ. ಗಂಡಸರು ಅದನ್ನು ನೋಡಬಾರದು ಅಂತ ಹೇಳುತ್ತಾ ದಿನಾ ಹೋಗಿ ನೋಡಿದರು. ತಿಜಾನಿ ಮಾತ್ರ ಅದರ ಪಕ್ಕ ಹಾಯುವಾಗ ಮುಖ ತಿರುಗಿಸಿ ನಡೆದು, ಒಮ್ಮೆ ಗುಂಡಿಗೆ ಬಿದ್ದ.

ಚಳಿಗಾಲ ಪೂರ್ತಿ ಓಲ್ಫಾ ಅಡುಗೆ ಮನೆಯ ಮೇಜಿನ ಮೇಲೆ ಸಣ್ಣದನ್ನು ದೊಡ್ಡದಾಗಿ ತೋರಿಸುವ ಗಾಜಿನ ಯಂತ್ರ ಇಟ್ಟುಕೊಂಡು ಕೂತಳು. ಗರಿಯ ಹುಳಗಳು ಪುಟ್ಟ ಸೀಸೆಗಳಲ್ಲಿ. ಜೀರಿಗೆ ಕಾಳಿನಷ್ಟು ಗಾತ್ರ, ಜೀರಿಗೆಯದೇ ಬಣ್ಣ. ಮನ್ನೂಬಿಯಾ ಜೀರಿಗೆ ಡಬ್ಬವನ್ನು ಮಲಗುವ ಕೋಣೆಗೆ ಸಾಗಿಸಿದಳು. ಇದು ಹುಳವೂ ಅಲ್ಲ ಖಾಲಾ, ಸೀಗಡಿ ಏಡಿಗಳ ನೆಂಟ ಅಂತ ಓಲ್ಫಾ ಹೇಳಿದಳು. ಇಂಥದ್ದು ಇದುವರೆಗೆ ಯಾರ ಬರಹದಲ್ಲೂ ಇಲ್ಲ, ಬಾಲದ ಮೇಲೆ ಇದಕ್ಕಿರುವಂಥ ಗುಬುಟಿನ ಸಾಲು ಬೇರೆ ಯಾವುದಕ್ಕೂ ಇಲ್ಲ. ಹೊಸ ಜಾತಿ ಅಂತ ಹೇಳಬೇಕಾದರೆ ಅದರ ಒಂದೊಂದು ಅಂಗವನ್ನೂ ಸೂಜಿಯಲ್ಲಿ ಬಿಡಿಸಿ, ಚಿತ್ರ ಬರೆದು, ಇದು ಬೇರೆ ಅಂತ ತೋರಿಸಬೇಕಂತೆ. ಕಾಲಿಗೊಂದು ಹಾಳೆ. ಕಾಲು ಹದಿನಾಲ್ಕು. ಅಷ್ಟು ಹೊತ್ತಿನಲ್ಲಿ ತಾನು ಆಕ್ಟೋಪಸ್ಸನ್ನು ಮೆತ್ತಗಾಗುವಂತೆ ಬಡಿದು, ಒಣಗಿಸಿ, ಬೇಯಿಸಿ, ತಿಂದು, ಪಾತ್ರೆ ತೊಳೆದಿರುತ್ತೇನೆ ಅಂದಳು ಮನ್ನೂಬಿಯಾ.

ಒಂದು ದಿನ ಓಲ್ಫಾ ಅವಳನ್ನು ಕರೆದು ಗಾಜಿನಲ್ಲಿ ನೋಡಿಸಿದಳು. ಗರಿಯ ಒಳಗೊಂದು ಸಣ್ಣ ಸುರಂಗ. ಅದರಲ್ಲಿ ಎರಡು ಹುಳ, ಒಂದರ ಹಿಂದೆ ಒಂದು.

"ಗಂಡ ಹೆಂಡತಿ ಖಾಲಾ. ಮುಂದಿರೋಳು ಹೆಂಡತಿ. ಕೊರೆಯೋದೆಲ್ಲ ಅವಳೇ."

"ಗಂಡ?"

"ಹಿಂದೆ ಇರ್ತಾನೆ."

"ಇದ್ದು ಏನ್ ಮಾಡ್ತಾನೆ?"

ಓಲ್ಫಾ ಇನ್ನೊಮ್ಮೆ ಗಾಜಿನಲ್ಲಿ ನೋಡಿದಳು. "ಇರ್ತಾನೆ."

ಮನ್ನೂಬಿಯಾ ಮತ್ತೆ ಕಣ್ಣಿಟ್ಟು ನೋಡಿದಳು. ಮುಂದಿನದು ಬಿಡದೆ ತಲೆ ಆಡಿಸುತ್ತಿತ್ತು. ಹಿಂದಿನದು ಆರಾಮವಾಗಿತ್ತು. ಆಗಾಗ ಒಂದು ಕಾಲು ಎತ್ತಿ, ಬೇಡವೆನಿಸಿ ಕೆಳಗಿಡುತ್ತಿತ್ತು.

"ಇದು ಫರ್ಹಾತೇ" ಅಂದಳು.

ಆಮೇಲೆ ಬಹಳ ಹೊತ್ತು ಪಾತ್ರೆ ತಿಕ್ಕಿದಳು. ತಿಕ್ಕುತ್ತಲೇ, ಹೊಸ ಹುಳಕ್ಕೆ ಹೆಸರಿಡೋರು ಯಾರು ಅಂತ ಕೇಳಿದಳು. ಮೊದಲು ಬರೆದವರೇ ಇಡುವುದು ಅಂತ ಓಲ್ಫಾ ಹೇಳಿದಳು. ಸ್ವಂತ ಹೆಸರು ಇಟ್ಟುಕೊಂಡರೆ ನಾಲ್ಕು ಜನ ನಗುತ್ತಾರೆ, ಬೇರೆ ಯಾರದಾದರೂ ಇಡಬಹುದು. ಒಮ್ಮೆ ಇಟ್ಟರೆ ಅಳಿಸುವ ಹಾಗಿಲ್ಲ. ಎಲ್ಲ ದೇಶದವರೂ ಅದೇ ಹೆಸರು ಹೇಳಬೇಕು.

ಮನ್ನೂಬಿಯಾ ತಿರುಗದೆ ಹೇಳಿದಳು, "ಹಂಗಾದ್ರೆ ಅವನದ್ದು ಇಡು ಮಗಳೇ."

ಇಡೋಣ ಖಾಲಾ ಅಂದಳು ಓಲ್ಫಾ. ಸಿಕ್ಕಿದ್ದು ಅವರ ಗೋಡೆಯಲ್ಲೇ ತಾನೆ.

ಮರುದಿನ ಬೆಳಿಗ್ಗೆ ಟೋಪಿಗೆ ಬೈಗುಳ ಬೀಳಲಿಲ್ಲ. ಆದರೆ ಮನ್ನೂಬಿಯಾ ಒಂದು ತಪ್ಪು ಮಾಡಿದಳು. ರೊಟ್ಟಿ ಒಲೆಯ ಹತ್ತಿರ ಒಬ್ಬಳಿಗೆ ಹೇಳಿದಳು. ರೊಟ್ಟಿ ಬೇಯುವ ಮೊದಲೇ ಸುದ್ದಿ ತಿಜಾನಿಯ ಮನೆ ಮುಟ್ಟಿತ್ತು.

ತಿಜಾನಿ ಮರುದಿನ ಹಬ್ಬದ ಬಿಳಿ ಅಂಗಿ ಹಾಕಿಕೊಂಡು, ಮೀಸೆಗೆ ಎಣ್ಣೆ ಸವರಿಕೊಂಡು, ಕೈಯಲ್ಲಿ ಒಂದು ಆಕ್ಟೋಪಸ್ ನೇತಾಡಿಸಿಕೊಂಡು ಬಂದ. ಆಕ್ಟೋಪಸ್ಸನ್ನು ಓಲ್ಫಾಳ ಹಾಳೆಗಳ ಮೇಲೇ ಇಟ್ಟ. ಹುಳ ಸಿಕ್ಕಿದ ಗೋಡೆ ಯಾರದು ಅಂತ ಶುರು ಮಾಡಿದ. ಮಕ್ಕಳಿಲ್ಲದೆ ಗಂಡ ಸತ್ತರೆ ಹೆಂಡತಿಗೆ ಕಾಲು ಭಾಗ, ಮಿಕ್ಕಿದ್ದು ತಮ್ಮನಿಗೆ. ಧರ್ಮ ಹೇಳುವುದೇ ಹಾಗೆ. ಅಣ್ಣನ ಸಮುದ್ರವೂ ಹಾಗೇ ಭಾಗವಾಗಿದೆ. ಅಂದ ಮೇಲೆ ಆ ಸಮುದ್ರದಲ್ಲಿ ಸಿಕ್ಕಿದ ಹುಳ ಬೇರೆ ಹೇಗಾಗುತ್ತದೆ?

"ಹುಳದಲ್ಲಿ ಮುಕ್ಕಾಲು ನಂದು ಅತ್ತಿಗೆ. ಅಲ್ಲಾಣೆ, ನಾನು ಜಗಳಕ್ಕೆ ಬಂದಿಲ್ಲ. ನಿಮ್ಮ ಕಾಲು ಭಾಗ ನೀವು ಇಟ್ಕೊಳ್ಳಿ, ಬಾಲದ ಕಡೆಯಿಂದ."

"ಬಾಲದಲ್ಲೇ ಕಣೋ ಗುಬುಟು ಇರೋದು. ಅದಿಲ್ದಿದ್ರೆ ನಿನ್ನ ಮುಕ್ಕಾಲು ಯಾವನಿಗೂ ಬೇಡ."

ಅವನು ಅದನ್ನು ಕಿವಿಗೆ ಹಾಕಿಕೊಳ್ಳದೆ ಗಾಜಿಗೆ ಕಣ್ಣಿಟ್ಟ. ಮೊದಲು ತನ್ನ ರೆಪ್ಪೆ ಕಂಡಿತು, ಆಮೇಲೆ ಹುಳ. ಅದರ ಮೂತಿಯ ಮುಂದೆ ಎರಡು ಜೊತೆ ತಂತಿಗಳಿದ್ದವು. ಮೀಸೆ ನೋಡಿ ಅಂದ. ಥೇಟ್ ನಮ್ಮ ಮನೆತನದ ಮೀಸೆ. ಅಣ್ಣನಿಗೆ ಮೀಸೆಯೇ ಸರಿಯಾಗಿ ಬರುತ್ತಿರಲಿಲ್ಲ, ಇಡೀ ಕೇರಿಗೆ ಗೊತ್ತು. ಅಪ್ಪನ ಹೆಸರು, ತಾತನ ಹೆಸರು, ಹಜ್ ಮಾಡಿ ಬಂದ ಮುತ್ತಜ್ಜನ ಹೆಸರು ಸೇರಿಸಿ ತನ್ನ ಹೆಸರು ಹಾಕಬೇಕು ಅಂತ ಓಲ್ಫಾಗೆ ಹೇಳಿದ. ಒಂದೇ ಪದ ಹಾಕುವುದು ಅಂತ ಅವಳು ಅಂದದ್ದಕ್ಕೆ, ಅಷ್ಟು ಸಣ್ಣ ಹುಳ ಪಾಪ, ಹೊರೋಕಾಗಲ್ಲ ಅಂತ ತಾನೇ ಸಮಾಧಾನ ಮಾಡಿಕೊಂಡ.

ಆಮೇಲೆ ದಿನಾ ಬಂದ. ದಿನಾ ಆಕ್ಟೋಪಸ್. ಒಂದು ದಿನ ಹಲ್ಲೂಮಾ ಕೂಡ ಬಂದು, ಹೆಣ್ಣು ಹುಳಕ್ಕೆ ಬೇರೆ ಹೆಸರು ಇಡುತ್ತಾರಾ ಅಂತ ವಿಚಾರಿಸಿದಳು. ಇಡುವುದಿಲ್ಲ ಅಂತ ಗೊತ್ತಾದ ಮೇಲೆ, ಇದೆಂಥ ಓದು ಅಂತ ಗೊಣಗಿ ಹೋದಳು. ಕೇರಿ ಎರಡು ಪಕ್ಷವಾಯಿತು. ಹೆಚ್ಚಿನವರು ತಿಜಾನಿ ಕಡೆ. ಬದುಕಿರೋನ ಹೆಸರು ಇಟ್ಟರೆ ಅವನು ಚಹಾನಾದರೂ ಕುಡಿಸುತ್ತಾನೆ ಅಂತ ಅವರ ಲೆಕ್ಕ.

ಮನ್ನೂಬಿಯಾಗೆ ಅನ್ನ ಸೇರಲಿಲ್ಲ. ಮಗುವಿನ ಹೆಸರು ಹೋಯಿತು. ಈಗ ಹುಳದ ಹೆಸರಿಗೂ ಕುತ್ತು ಬಂತು. ಓಲ್ಫಾ ಅವಳ ಮುಖ ನೋಡಿ, ಹೆಸರಿಡುವವಳು ನಾನು ಖಾಲಾ, ತಿಜಾನಿಯಲ್ಲ ಅಂದಳು. ಆದರೆ ಅದಕ್ಕೆ ಮುಂಚೆ ನಿಮಗೂ ಅವರಿಗೂ ಒಂದು ವಿಷಯ ತೋರಿಸಬೇಕು, ನನಗೇ ನೆನ್ನೆ ಖಾತ್ರಿಯಾಯಿತು ಅಂದಳು. ಏನು ಅಂತ ಕೇಳಿದರೆ, ನಾಳೆ ನನ್ನ ಜೊತೆ ಕಾಫಿ ಅಂಗಡಿಗೆ ಬನ್ನಿ ಅಂದಳು.

ಕಾಫಿ ಅಂಗಡಿಗೆ ಆ ಕೇರಿಯ ಹೆಂಗಸರು ಕಾಲಿಡುವುದಿಲ್ಲ. ಮರುದಿನ ಇಬ್ಬರು ಹೆಂಗಸರು ಒಟ್ಟಿಗೆ ಹೋದರು. ಓಲ್ಫಾಳ ಹೆಗಲ ಮೇಲೆ ಸಮುದ್ರದಿಂದ ಕಿತ್ತ ಎರಡು ಗರಿ. ಮನ್ನೂಬಿಯಾ ತನ್ನ ಮನೆಯ ಮಣೆಯನ್ನೇ ತಂದಿದ್ದಳು. ಅಲ್ಲಿನ ಕುರ್ಚಿಗಳ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ. ಗಂಡಸರು ಇಸ್ಪೀಟು ಕೆಳಗಿಟ್ಟರು. ತಿಜಾನಿ ಬಿಳಿ ಅಂಗಿಯಲ್ಲಿ ಮುಂದೆಯೇ ಕೂತಿದ್ದ.

ಓಲ್ಫಾ ಕಾಲುಚೀಲದ ಗರಿಯನ್ನು ಅವನ ಕೈಗೆ ಕೊಟ್ಟು ಮುರಿಯಿರಿ ಅಂದಳು. ಅವನು ಕಾಲುಚೀಲ ಕಂಡು ಮೊದಲು ಹಿಂದೆ ಸರಿದ. ಆಮೇಲೆ ಮೊಣಕಾಲಿಗೆ ಕೊಟ್ಟು ಬಗ್ಗಿಸಿದ. ಮುಖ ಕೆಂಪಾಯಿತು, ಗರಿ ಮುರಿಯಲಿಲ್ಲ. ಬರಿಯ ಗರಿಯನ್ನು ಕೊಟ್ಟಳು. ಅದು ಕೈಗೆ ಬರುತ್ತಲೇ ಎರಡಾಯಿತು. ಒಳಗೆಲ್ಲ ಜರಡಿಯ ಹಾಗೆ ತೂತು. ಅದರಿಂದ ಜೀರಿಗೆ ಉದುರಿದ ಹಾಗೆ ಹುಳ ಉದುರಿ ಬಿಳಿ ಅಂಗಿಯ ಮೇಲೆ ಓಡಾಡಿದವು.

"ಎರಡೂ ಒಂದೇ ಮರದ್ದು, ಒಂದೇ ದಿನ ಕಡಿದದ್ದು, ಕಡಿದವರೂ ಒಬ್ಬರೇ. ಚೀಲದೊಳಗೆ ಹುಳಕ್ಕೆ ದಾರಿ ಸಿಗಲಿಲ್ಲ, ಗರಿ ಉಳೀತು. ಕೊಳೆತ ಮೇಲೆ ಹುಳ ಬರೋದಲ್ಲ. ಹುಳ ತಿಂದ ಮೇಲೆ ಮುರಿಯೋದು. ಇಷ್ಟು ವರ್ಷ ನಿಮ್ಮ ಗೋಡೆ ಬೀಳಿಸಿದ್ದು ಇದೇ."

ಒಬ್ಬೊಬ್ಬರೇ ಮನ್ನೂಬಿಯಾಳ ಕಡೆ ನೋಡಿ, ಕಣ್ಣು ತಪ್ಪಿಸಿ, ತಮ್ಮ ಲೋಟದೊಳಗೆ ನೋಡಿಕೊಂಡರು. ಅವಳು ಮಣೆಯ ಮೇಲೆ ನೆಟ್ಟಗೆ ಕೂತಿದ್ದಳು. ಮುರಿದ ಗರಿಯ ತುದಿಯಲ್ಲಿ ಫರ್ಹಾತನ ಕತ್ತಿಯ ಏಟು ಕಾಣುತ್ತಿತ್ತು, ಓರೆಯಾಗಿ, ಒಂದೇ ಏಟಿಗೆ ಕಡಿದದ್ದು. ಉತ್ತರ ಗೊತ್ತಾಯಿತು ಕಣೋ, ಈಗ ನೀನಿಲ್ಲ ಅಂತ ಅವಳಿಗೆ ಅನಿಸಿತು.

ಮೊದಲು ಬಾಯಿ ಬಿಟ್ಟವನು ತಿಜಾನಿ. ಅಂಗಿ ಕೊಡವುತ್ತಾ ಎದ್ದ. ತಾನು ರಾತ್ರಿಯೆಲ್ಲ ಯೋಚನೆ ಮಾಡಿದೆ ಅಂದ. ಅತ್ತಿಗೆಗೆ ಅನ್ಯಾಯವಾಗಬಾರದು ಅಂದ.

"ನನ್ನ ಮುಕ್ಕಾಲು ಭಾಗದಲ್ಲಿ ಹುಳ ಇಲ್ಲ. ಇದ್ದಬದ್ದದ್ದೆಲ್ಲ ಅತ್ತಿಗೆಯ ಕಾಲು ಭಾಗದಲ್ಲೇ ಇರೋದು."

"ಮೀಸೆ ಇತ್ತಲ್ಲೋ" ಅಂತ ಹಿಂದಿನಿಂದ ಯಾರೋ ಅಂದರು.

"ಯಾವ ಮೀಸೆ? ಅದು ಸೈತಾನನ ಕೊಂಬು."

ದಾರಿಯಲ್ಲಿ ಓಲ್ಫಾ ಮೆತ್ತಗೆ ಮಾತು ತೆಗೆದಳು. ಗೋಡೆ ತಿನ್ನುವ ಪ್ರಾಣಿಗೆ ಚಾಚಾನ ಹೆಸರು ಚೆನ್ನಾಗಿರುವುದಿಲ್ಲ. ಈಗ ತಾನೆ ಅವರ ಮೇಲಿನ ದೂರು ಕಳೆಯಿತು. ದ್ವೀಪದ ಹೆಸರೇ ಇಟ್ಟುಬಿಡೋಣ, ಯಾರಿಗೂ ನೋವಿಲ್ಲ. ನೀನು ಫೆರಿ ಹತ್ತುವ ಮುಂಚೆ ಹೇಳುತ್ತೇನೆ ಅಂದಳು ಮನ್ನೂಬಿಯಾ.

ಆ ವಾರ ಕೇರಿ ಬಹಳ ಮರ್ಯಾದೆಯಿಂದ ನಡೆದುಕೊಂಡಿತು. ಎದುರು ಸಿಕ್ಕವರೆಲ್ಲ, ಫರ್ಹಾತ್ ಒಳ್ಳೆ ಮನುಷ್ಯ, ದೇವರು ಅವನಿಗೆ ಒಳ್ಳೆಯದು ಮಾಡಲಿ ಅಂದರು. ಎರಡು ದಿನ ಅಂದರು. ಮೂರನೇ ದಿನ ಮೀನಿನ ಮಾತಾಡಿದರು.

ಆ ಮೇಲೆ ಕಾಫಿ ಅಂಗಡಿಯಲ್ಲಿ ಮತ್ತೆ ಒಂದು ಕುರ್ಚಿ ಮುರಿಯಿತು. ಮನ್ನೂಬಿಯಾ ರೊಟ್ಟಿ ಹಿಡಿದು ಆ ದಾರಿಯಲ್ಲೇ ಬರುತ್ತಿದ್ದಳು. ಕೂತವನು ದೊಪ್ಪನೆ ಬಿದ್ದ ಸದ್ದು ಕೇಳಿ ನಿಂತಳು. ಈಗ ಹೇಳುತ್ತಾರೆ ಅಂತ ಕಾದಳು. ಕುರ್ಚಿ ಮುರೀತು ಅಂದರು. ಅಷ್ಟೇ ಅಂದರು. ಇನ್ನೂ ಸ್ವಲ್ಪ ಹೊತ್ತು ನಿಂತಳು. ರೊಟ್ಟಿ ತಣ್ಣಗಾಯಿತು.

ಮನೆಗೆ ಬಂದವಳೇ ಹಿಂದಿನ ಕೋಣೆಯ ಬಾಗಿಲು ತಟ್ಟಿದಳು. ಓಲ್ಫಾ ಬಟ್ಟೆ ಮಡಿಸುತ್ತಿದ್ದಳು.

"ಅವನ ಹೆಸರೇ ಇಡು."

"ಎಲ್ಲರೂ ಬೈತಾರೆ ಖಾಲಾ."

"ಬೈಯ್ಲಿ. ಬೈಗುಳ ಅವನಿಗೆ ಹೊಸದಲ್ಲ. ಮನೇಲಿ ನಾನು ಬೈದೆ, ಹೊರಗೆ ಅವರು ಬೈದ್ರು, ಚೆನ್ನಾಗೇ ನಿದ್ದೆ ಮಾಡ್ತಿದ್ದ. ಒಳ್ಳೇವನು ಅಂತ ಹೇಳಿ ಎರಡೇ ದಿನಕ್ಕೆ ಮರೆತರು ಮಗಳೇ. ಬೈಯೋಕಾದ್ರೂ ಹೆಸರು ಹೇಳಬೇಕಲ್ಲ." ಬಾಗಿಲ ಕಡೆ ತಿರುಗಿ, "ಅದೂ ಅಲ್ದೆ, ಕೊರೆಯೋಳು ಹೆಂಡತಿ ಅಂದೆ ನೀನು. ಅವನು ಸುಮ್ನೆ ಹಿಂದೆ ಇರೋನು. ನಂಗೊತ್ತಿದ್ರೆ ಸಾಕು" ಅಂದಳು.

ಬೇಸಿಗೆಯಲ್ಲಿ ಅಚ್ಚಾದ ಹಾಳೆಗಳು ಬಂದವು. ಫರ್ಹಾತನ ಹೆಸರಿನ ತುದಿಗೆ ಒಂದು ಸಣ್ಣ ಬಾಲ ಸೇರಿಸಿದ್ದರು, ಹುಳಗಳಿಗೆ ಹಾಗೆ ಸೇರಿಸುತ್ತಾರಂತೆ. ಮನ್ನೂಬಿಯಾಗೆ ಓದೋಕೆ ಬರುವುದಿಲ್ಲ. ಯಾವ ಸಾಲಿನಲ್ಲಿದೆ ಅಂತ ಓಲ್ಫಾ ಫೋನಿನಲ್ಲಿ ಹೇಳಿದಳು, ಅವಳು ಅಲ್ಲಿ ಬೆರಳಿಟ್ಟಳು. ಹುಳದ ಚಿತ್ರವಿದ್ದ ಹಾಳೆಯನ್ನು ಟೋಪಿಯ ಪಕ್ಕಕ್ಕೆ ಮೊಳೆ ಹೊಡೆದಳು. ನೋಡು, ಹದಿನಾಲ್ಕು ಕಾಲು ಕೊಟ್ಟಿದ್ದಾರೆ, ಈಗಲಾದರೂ ಎದ್ದು ಬಾಗಿಲಿಗೆ ಎಣ್ಣೆ ಬಿಡು ಅಂತ ಬೈದಳು.

ಹುಳದ ಹೆಸರನ್ನು ಮನ್ನೂಬಿಯಾ ಈ ಸಲ ಬೇಕಂತಲೇ ರೊಟ್ಟಿ ಒಲೆಯ ಹತ್ತಿರ ಹೇಳಿ ಬಂದಳು. ಮತ್ತೆ ಗರಿ ನೆಡುವ ಕಾಲ ಬಂತು. ಕೇರಿಯ ಹೆಂಗಸರ ಕಾಲುಚೀಲಗಳು ಒಂದೊಂದಾಗಿ ಕಾಣೆಯಾದವು. ಸಂತೆಯ ವ್ಯಾಪಾರಿಗೆ ಇಷ್ಟೊಂದು ಕಾಲುಚೀಲ ಈ ಗಂಡಸರಿಗೆ ಯಾಕೆ ಅಂತ ಅನುಮಾನ. ತಿಜಾನಿ ಹಲ್ಲೂಮಾಳದ್ದು ಇದ್ದಷ್ಟೂ ಹಾಕಿದ, ಸಾಲಲಿಲ್ಲ. ಗೋಡೆ ಉದ್ದ, ಹಲ್ಲೂಮಾಗೆ ಇರುವುದು ಎರಡು ಕಾಲು.

ಮೊದಲ ಗಾಳಿಗೇ ಚೀಲವಿಲ್ಲದ ಗರಿಗಳು ಬಿದ್ದವು. ಮನ್ನೂಬಿಯಾ ದಡದಲ್ಲಿ ಆಕ್ಟೋಪಸ್ ಬಡಿಯುತ್ತಿದ್ದಳು. ತಿಜಾನಿ ಸೊಂಟಮಟ್ಟದ ನೀರಿನಲ್ಲಿ ನಿಂತು, ಮುರಿದ ತುಂಡು ಎತ್ತಿ ಹಿಡಿದು, ಇಡೀ ಕೇರಿಗೆ ಕೇಳುವ ಹಾಗೆ ಕೂಗಿದ.

"ಲೋ ಫರ್ಹಾತ್, ನಿನ್ನ ಮನೆ ಹಾಳಾಗ."

ಬಡಿಯುತ್ತಿದ್ದ ಕೈ ನಿಂತಿತು. ಪಕ್ಕದ ಗೋಡೆಯವನೂ ಕೂಗಿದ, ಇಲ್ಲೂ ತಿಂದಿದ್ದಾನೆ ಫರ್ಹಾತ್ ಅಂತ. ಅದರಾಚೆ ಇನ್ನೊಬ್ಬ. ಹೆಸರು ನೀರಿನ ಮೇಲೆ ಗೋಡೆಯಿಂದ ಗೋಡೆಗೆ ಹೋಯಿತು.

ಮನ್ನೂಬಿಯಾ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತು ಕೇಳಿದಳು. ಆಮೇಲೆ ಅವಳೂ ಗಂಟಲೆತ್ತಿದಳು.

"ಏ ತಿಜಾನಿ, ಆ ಮನೇಲಿ ನಾನಿದ್ದೀನಿ ಕಣೋ. ಬೇರೆ ಏನಾದ್ರೂ ಬೈ."

ತಿಜಾನಿ ತುಂಡು ಹಿಡಿದುಕೊಂಡು ನೀರಲ್ಲಿ ನಿಂತ. ಬೇರೆ ಏನು ಬೈಯಬಹುದು ಅಂತ ಯೋಚಿಸುತ್ತಿದ್ದ. ಅವಳು ಕಾದಳು.